ಸುಡಬೇಕಾಗಿದ್ದ ಕಾಗದಗಳು

ಲೇಖಕರೊಬ್ಬರು ತೀರಿಕೊಂಡ ಬಳಿಕ ಅವರ ಮೇಜಿನ ಖಾನೆಯಲ್ಲಿ ಉಳಿದ ಕಾಗದಗಳು ಯಾರಿಗೆ ಸೇರಿದವು? ಬರೆದವರಿಗೋ, ಮನೆಯವರಿಗೋ, ಓದುಗರಾದ ನಮಗೋ? 'ಸಮಗ್ರ ಸಾಹಿತ್ಯ' ಎಂದು ಮುದ್ರಿಸಿದ ದಪ್ಪ ಸಂಪುಟಗಳನ್ನು ಕೈಗೆತ್ತಿಕೊಳ್ಳುವಾಗ ನಾವು ಈ ಪ್ರಶ್ನೆಯನ್ನು ಸಾಮಾನ್ಯವಾಗಿ ಕೇಳಿಕೊಳ್ಳುವುದಿಲ್ಲ. ಸಮಗ್ರ ಎಂದರೆ ಎಲ್ಲವೂ. ಎಲ್ಲವೂ ಸಿಕ್ಕಿತಲ್ಲ ಎಂಬ ಸಂತೋಷವೇ ನಮಗೆ ಸಾಕು. ಆ ಎಲ್ಲದರಲ್ಲಿ ಲೇಖಕರು ನಮಗೆಂದು ಕೊಟ್ಟದ್ದು ಎಷ್ಟು, ಅವರಿಲ್ಲದ ಹೊತ್ತಿನಲ್ಲಿ ನಾವೇ ತೆಗೆದುಕೊಂಡದ್ದು ಎಷ್ಟು ಎಂದು ಲೆಕ್ಕ ಹಾಕುವವರು ಕಡಿಮೆ.

ಇಂಗ್ಲಿಷ್ ಕಾದಂಬರಿಗಾರ್ತಿ ವರ್ಜೀನಿಯಾ ವೂಲ್ಫ್ ಅವರ ವಿಷಯದಲ್ಲಿ ಮಾತ್ರ ಈ ಲೆಕ್ಕವನ್ನು ಹಾಕದೆ ವಿಧಿಯಿಲ್ಲ. 1882ರಲ್ಲಿ ಹುಟ್ಟಿದ ಅವರು 1941ರ ಮಾರ್ಚ್ 28ರಂದು, ಸಸೆಕ್ಸಿನ ರಾಡ್ಮೆಲ್ ಹಳ್ಳಿಯ ಸಮೀಪ ಔಸ್ ನದಿಯಲ್ಲಿ ಪ್ರಾಣ ಬಿಟ್ಟರು. ಬಹುಕಾಲದಿಂದ ಬಂದು ಹೋಗುತ್ತಿದ್ದ ಮನೋವ್ಯಾಧಿ ಮತ್ತೆ ಬರುತ್ತಿದೆ, ಈ ಸಲ ತಾನು ಗುಣವಾಗಲಾರೆ ಎಂಬ ಭಯ ಅವರನ್ನು ಹಿಡಿದಿತ್ತು. ಪತಿ ಲೆನಾರ್ಡ್ ವೂಲ್ಫ್ ಅವರಿಗೆ ಬರೆದಿಟ್ಟ ಪತ್ರದಲ್ಲಿ ಒಂದು ಕೋರಿಕೆಯಿತ್ತು: ತನ್ನ ಕಾಗದಗಳನ್ನೆಲ್ಲ ನಾಶ ಮಾಡಬೇಕು ಎಂಬುದು.

ಲೆನಾರ್ಡ್ ಆ ಕೋರಿಕೆಯನ್ನು ನಡೆಸಿಕೊಡಲಿಲ್ಲ. ಇನ್ನೊಂದು ಮಾತನ್ನೂ ಅವರು ಮೀರಿದರು. ಆಗಷ್ಟೇ ಬರೆದು ಮುಗಿಸಿದ್ದ 'ಬಿಟ್ವೀನ್ ದ ಆಕ್ಟ್ಸ್' ಕಾದಂಬರಿಯನ್ನು ಇದ್ದ ಹಾಗೆಯೇ ಅಚ್ಚು ಹಾಕುವುದು ಬೇಡವೆಂದು ವೂಲ್ಫ್ ತಮ್ಮ ಪ್ರಕಾಶನದ ಪಾಲುದಾರ ಜಾನ್ ಲೀಮನ್ ಅವರಿಗೆ ತಿಳಿಸಿದ್ದರು. ಲೆನಾರ್ಡ್ ಒಂದು ಚಿಕ್ಕ ಟಿಪ್ಪಣಿಯೊಂದಿಗೆ ಅದೇ ವರ್ಷದ ಜುಲೈಯಲ್ಲಿ ಅದನ್ನು ಪ್ರಕಟಿಸಿದರು. 1953ರಲ್ಲಿ ದಿನಚರಿಯಿಂದ ಬರವಣಿಗೆಗೆ ಸಂಬಂಧಿಸಿದ ಭಾಗಗಳನ್ನು ಆರಿಸಿ 'ಎ ರೈಟರ್ಸ್ ಡೈರಿ' ಎಂಬ ಪುಸ್ತಕ ಮಾಡಿದರು. 1969ರಲ್ಲಿ ಅವರು ತೀರಿಕೊಂಡ ಬಳಿಕ ಬಾಗಿಲು ಪೂರ್ತಿ ತೆರೆಯಿತು. 1975ರಿಂದ 1980ರವರೆಗೆ ಪತ್ರಗಳ ಆರು ಸಂಪುಟಗಳು ಬಂದವು. 1977ರಿಂದ 1984ರವರೆಗೆ ದಿನಚರಿಯ ಐದು ಸಂಪುಟಗಳು ಬಂದವು. ಅಂದರೆ ಮುದ್ರಣಕ್ಕೆಂದು ಬರೆಯದ ಬರಹಗಳದ್ದೇ ಹನ್ನೊಂದು ಸಂಪುಟಗಳು. ಅವರು ಬರೆದ ಕಾದಂಬರಿಗಳು ಒಂಬತ್ತು. ಕೊಟ್ಟದ್ದಕ್ಕಿಂತ ನಾವು ತೆಗೆದುಕೊಂಡದ್ದೇ ಕಪಾಟಿನಲ್ಲಿ ಹೆಚ್ಚು ಜಾಗ ಹಿಡಿದಿದೆ.

ಇದು ಸರಿಯೇ? ಸಾಯುವವರ ಕೊನೆಯ ಮಾತನ್ನು ನಡೆಸಿಕೊಡಬೇಕೆಂದು ನಾವೆಲ್ಲ ನಂಬಿದವರು. ಹೊಲ ಯಾರಿಗೆ, ಒಡವೆ ಯಾರಿಗೆ ಎಂಬ ಮಾತಿನಲ್ಲಿ ವ್ಯತ್ಯಾಸವಾದರೆ ಊರೇ ಸೇರಿ ನ್ಯಾಯ ಕೇಳುತ್ತದೆ. ಕಾಗದದ ವಿಷಯಕ್ಕೆ ಬಂದಾಗ ಮಾತ್ರ, ಮಾತು ಮೀರಿದವನಿಗೆ ಸಾಹಿತ್ಯಲೋಕ ಕೃತಜ್ಞತೆ ಸಲ್ಲಿಸುತ್ತದೆ. ಫ್ರಾಂಜ್ ಕಾಫ್ಕಾ 1924ರಲ್ಲಿ ತೀರಿಕೊಂಡಾಗ ತನ್ನ ಹಸ್ತಪ್ರತಿಗಳನ್ನು ಸುಡಲು ಗೆಳೆಯ ಮಾಕ್ಸ್ ಬ್ರಾಡ್‌ಗೆ ಹೇಳಿದ್ದರು. ಬ್ರಾಡ್ ಸುಡಲಿಲ್ಲ, ಮರುವರ್ಷವೇ 'ದ ಟ್ರಯಲ್' ಪ್ರಕಟಿಸಿದರು. ಇಂತಹ ವಚನಭಂಗವನ್ನು ನಾವು ಒಪ್ಪಿಕೊಳ್ಳುವುದಾದರೆ, ನಮಗೆ ಲಾಭವಾಯಿತು ಎಂಬುದಕ್ಕಿಂತ ಗಟ್ಟಿಯಾದ ಕಾರಣ ಬೇಕು. ಲಾಭವೊಂದೇ ಸಾಕೆಂದಾದರೆ ಕಳ್ಳನಿಗೂ ಅದೇ ಕಾರಣವಿದೆ.

ಮೊದಲು ಹೊಳೆಯುವ ಸಮಾಧಾನ ಸುಲಭದ್ದು: ಆ ಮಾತು ಅನಾರೋಗ್ಯದ ಮನಸ್ಸಿನಿಂದ ಬಂದದ್ದು, ಆದ್ದರಿಂದ ಅದನ್ನು ಗಣಿಸಬೇಕಾಗಿಲ್ಲ ಎಂಬುದು. ವೂಲ್ಫ್ ಅವರನ್ನು ಓದಿದವರು ಈ ಸಮಾಧಾನವನ್ನು ಬಳಸುವಂತಿಲ್ಲ. 1925ರಲ್ಲಿ ಪ್ರಕಟವಾದ 'ಮಿಸೆಸ್ ಡಾಲೊವೇ' ಕಾದಂಬರಿಯಲ್ಲಿ ಸೆಪ್ಟಿಮಸ್ ಎಂಬ ಯುವಕ ಬರುತ್ತಾನೆ. ಮೊದಲ ಮಹಾಯುದ್ಧದಿಂದ ಮರಳಿದ ಮೇಲೆ ಅವನ ಮನಸ್ಸು ಕದಡಿಹೋಗಿದೆ. ಅವನಿಗೆ ಚಿಕಿತ್ಸೆ ಕೊಡುವ ಇಬ್ಬರು ವೈದ್ಯರೂ ಅವನ ಮಾತನ್ನು ಕೇಳಿಸಿಕೊಳ್ಳುವುದಿಲ್ಲ. ರೋಗಿ ಎಂದ ಮೇಲೆ ಅವನ ಇಷ್ಟಾನಿಷ್ಟಕ್ಕೆ ಬೆಲೆಯೇನು ಎಂಬುದು ಅವರ ಧೋರಣೆ. ಆ ಧೋರಣೆಯೇ ಅವನನ್ನು ಸಾವಿಗೆ ದೂಡುತ್ತದೆ. ಲೇಖಕಿಯ ಕೊನೆಯ ಕೋರಿಕೆಯನ್ನು 'ಪಾಪ, ಹುಷಾರಿಲ್ಲದೆ ಬರೆದದ್ದು' ಎಂದು ಬದಿಗೆ ಸರಿಸಿದರೆ ನಾವೂ ಆ ವೈದ್ಯರ ಕುರ್ಚಿಯಲ್ಲೇ ಕುಳಿತಂತಾಗುತ್ತದೆ.

ಆರೋಗ್ಯವಾಗಿದ್ದ ದಿನಗಳಲ್ಲಿಯೂ ಈ ಯೋಚನೆ ಅವರಿಗೆ ಬಂದಿತ್ತು. 1926ರ ಮಾರ್ಚ್‌ನಲ್ಲಿ, ತಾನು ಸತ್ತರೆ ಈ ದಿನಚರಿಗಳ ಗತಿಯೇನು ಎಂದು ಅವರು ದಿನಚರಿಯಲ್ಲೇ ಕೇಳಿಕೊಂಡರು. ಲೆನಾರ್ಡ್‌ಗೆ ಸುಡಲು ಮನಸ್ಸು ಬರಲಾರದು, ಪ್ರಕಟಿಸಲೂ ಆಗದು, ಇವುಗಳಿಂದ ಒಂದು ಪುಸ್ತಕ ಮಾಡಿ ಉಳಿದದ್ದನ್ನು ಸುಟ್ಟುಬಿಡಲಿ ಎಂಬುದು ಅಂದಿನ ತೀರ್ಮಾನವಾಗಿತ್ತು. ಆದ್ದರಿಂದ ಕೊನೆಯ ಪತ್ರದ ಕೋರಿಕೆ ಅಂದಿನ ದಿನದ ಹುಚ್ಚಲ್ಲ. ಮುದ್ರಣ ಎಂದರೇನೆಂದು ಬಲ್ಲವರ ಮಾತದು. 1917ರಿಂದ ಅವರೂ ಲೆನಾರ್ಡ್ ಅವರೂ ಸ್ವಂತ ಹೋಗಾರ್ತ್ ಪ್ರೆಸ್ ನಡೆಸುತ್ತಿದ್ದರು. ಆರಂಭದಲ್ಲಿ ಅಚ್ಚಿನ ಮೊಳೆಗಳನ್ನು ಕೈಯಾರೆ ಜೋಡಿಸಿದ್ದರು. ಯಾವುದು ಓದುಗರಿಗೆ, ಯಾವುದು ಖಾನೆಗೆ ಎಂಬ ವ್ಯತ್ಯಾಸ ಅವರಿಗೆ ಚೆನ್ನಾಗಿಯೇ ಗೊತ್ತಿತ್ತು.

ಆದರೆ ಈ ಕೋರಿಕೆಗೆ ಎದುರಾಗಿ ಇನ್ನೊಂದು ದನಿಯೂ ಇದೆ. ಅದೂ ವೂಲ್ಫ್ ಅವರದೇ. 1928ರ ಅಕ್ಟೋಬರಿನಲ್ಲಿ ಕೇಂಬ್ರಿಜ್‌ನ ಎರಡು ಮಹಿಳಾ ಕಾಲೇಜುಗಳಾದ ನ್ಯೂನಮ್ ಮತ್ತು ಗರ್ಟನ್‌ಗಳಲ್ಲಿ ಅವರು ಭಾಷಣ ಮಾಡಿದರು. ಅದೇ ಬೆಳೆದು 1929ರ ಅಕ್ಟೋಬರಿನಲ್ಲಿ 'ಎ ರೂಮ್ ಆಫ್ ಒನ್ಸ್ ಓನ್' ಎಂಬ ಪುಸ್ತಕವಾಯಿತು. ಹೆಣ್ಣು ಬರೆಯಬೇಕಾದರೆ ವರ್ಷಕ್ಕೆ 500 ಪೌಂಡು ಆದಾಯವೂ ಬೀಗ ಹಾಕಬಲ್ಲ ಒಂದು ಕೋಣೆಯೂ ಬೇಕು ಎಂಬ ಅದರ ಮಾತನ್ನು ಎಲ್ಲರೂ ಬಲ್ಲರು. ಪುಸ್ತಕದ ನಿರೂಪಕಿಗೆ ಆ 500 ಪೌಂಡು ಬರುವುದು ಬೊಂಬಾಯಿಯಲ್ಲಿ ಕುದುರೆಯಿಂದ ಬಿದ್ದು ಸತ್ತ ಅತ್ತೆಯೊಬ್ಬಳ ಆಸ್ತಿಯಿಂದ. ಆ ಅತ್ತೆ ಕಲ್ಪಿತ ಪಾತ್ರ. ಆದರೆ ಇಂಡಿಯಾದ ನಂಟು ಕಲ್ಪಿತವಲ್ಲ, ವೂಲ್ಫ್ ಅವರ ತಾಯಿ 1846ರಲ್ಲಿ ಹುಟ್ಟಿದ್ದು ಕಲ್ಕತ್ತೆಯಲ್ಲಿ.

ಆ ಪುಸ್ತಕದಲ್ಲಿ ಹೆಚ್ಚಿನವರು ನೆನಪಿಡದ ಇನ್ನೊಂದು ಅಳಲಿದೆ. ಹಳೆಯ ಕಾಲದ ಹೆಂಗಸರ ಬಗ್ಗೆ ತಿಳಿಯಲು ಗ್ರಂಥಾಲಯಕ್ಕೆ ಹೋದರೆ ಅಲ್ಲಿ ಏನೂ ಸಿಗುವುದಿಲ್ಲ. ಆಕೆ ದಿನಚರಿ ಬರೆಯಲಿಲ್ಲ, ಬರೆದ ನಾಲ್ಕು ಪತ್ರಗಳೂ ಉಳಿಯಲಿಲ್ಲ. ಒಬ್ಬ ಮುದುಕಿಯನ್ನು 1868ರ ಏಪ್ರಿಲ್ 5ರಂದು, ಅಥವಾ 1875ರ ನವೆಂಬರ್ 2ರಂದು ಏನು ಮಾಡುತ್ತಿದ್ದೆ ಎಂದು ಕೇಳಿದರೆ ಆಕೆಗೆ ಹೇಳಲು ತೋಚದು ಎನ್ನುತ್ತಾರೆ ವೂಲ್ಫ್. ಅಡುಗೆಯಾಯಿತು, ಪಾತ್ರೆ ತೊಳೆದಾಯಿತು, ಮಕ್ಕಳು ಬೆಳೆದು ಹೋದರು. ಯಾವುದರ ಗುರುತೂ ಎಲ್ಲಿಯೂ ಇಲ್ಲ. ಹೆಸರಿಲ್ಲದ ಇಂತಹ ಬದುಕುಗಳನ್ನು ದಾಖಲಿಸಬೇಕೆಂದು ಅವರು ಆ ಯುವತಿಯರಿಗೆ ಒತ್ತಿ ಹೇಳಿದರು.

ಹಾಗಾದರೆ ನಾವು ಯಾವ ವೂಲ್ಫ್ ಅವರ ಮಾತು ಕೇಳಬೇಕು? ಹೆಂಗಸರ ಕಾಗದಗಳು ಉಳಿಯಲಿಲ್ಲವಲ್ಲ ಎಂದು 1929ರಲ್ಲಿ ಕೊರಗಿದವರದ್ದೋ, ನನ್ನ ಕಾಗದಗಳನ್ನು ನಾಶ ಮಾಡಿ ಎಂದು 1941ರಲ್ಲಿ ಕೇಳಿದವರದ್ದೋ?

ಉತ್ತರಕ್ಕಾಗಿ ಆ ಕಾಗದಗಳಲ್ಲಿ ಏನಿತ್ತು ಎಂದು ನೋಡಬೇಕು. ಮೂರು ಸಂಗತಿಗಳನ್ನು ಮಾತ್ರ ಇಲ್ಲಿ ಎತ್ತಿಕೊಳ್ಳುತ್ತೇವೆ.

ಮೊದಲನೆಯದು ಆಕೆಗೆ ಆದ ಅನ್ಯಾಯ. 1939-40ರಲ್ಲಿ ಅವರು ಬಾಲ್ಯದ ನೆನಪುಗಳನ್ನು ಬರೆಯತೊಡಗಿದ್ದರು. ಅದು ಪ್ರಕಟವಾದದ್ದು 1976ರಲ್ಲಿ. ತಾನು ತೀರ ಚಿಕ್ಕ ಹುಡುಗಿಯಾಗಿದ್ದಾಗ ಮಲಅಣ್ಣ ಜೆರಾಲ್ಡ್ ಡಕ್‌ವರ್ತ್ ತನ್ನ ಮೈಮೇಲೆ ಕೈ ಹಾಕಿದ್ದನ್ನು, ಆಗ ತನಗಾದ ಅಸಹ್ಯವನ್ನು ಅದರಲ್ಲಿ ದಾಖಲಿಸಿದ್ದಾರೆ. ಗೌರವಸ್ಥ ಕುಟುಂಬದ ಒಳಮನೆಯ ಸಂಗತಿಯದು. ಅವರ ಮೊದಲ ಎರಡು ಕಾದಂಬರಿಗಳನ್ನು ಪ್ರಕಟಿಸಿದ್ದು ಇದೇ ಜೆರಾಲ್ಡ್‌ನ ಸಂಸ್ಥೆ ಎಂಬುದನ್ನು ಇದರ ಪಕ್ಕದಲ್ಲಿಟ್ಟು ನೋಡಿದರೆ, ಸ್ವಂತ ಮುದ್ರಣಾಲಯ ಆಕೆಗೆ ಏನಾಗಿತ್ತೆಂದು ಊಹಿಸಬಹುದು. ಕಾಗದ ಸುಟ್ಟಿದ್ದರೆ ಈ ಸಾಕ್ಷ್ಯವೂ ಸುಟ್ಟುಹೋಗುತ್ತಿತ್ತು.

ಎರಡನೆಯದು ಆಕೆಯ ಮನೆಯಲ್ಲಿ ದುಡಿದವರ ಕತೆ. ನೆಲ್ಲಿ ಬಾಕ್ಸಲ್ ಎಂಬಾಕೆ 1916ರಿಂದ 1934ರವರೆಗೆ ವೂಲ್ಫ್ ದಂಪತಿಯ ಅಡುಗೆಯವಳಾಗಿದ್ದರು. ಹದಿನೆಂಟು ವರ್ಷ. ದಿನಚರಿಯ ತುಂಬ ಈ ಇಬ್ಬರು ಹೆಂಗಸರ ಜಗಳಗಳಿವೆ. ಕೆಲಸ ಬಿಡುತ್ತೇನೆ ಎನ್ನುವುದು, ಮತ್ತೆ ರಾಜಿಯಾಗುವುದು, ಮತ್ತೆ ಮುನಿಸು. ವೂಲ್ಫ್ ಅಡುಗೆಯಾಕೆಯ ಬಗ್ಗೆ ಬರೆದ ಮಾತುಗಳು ಹಲವೆಡೆ ಕ್ರೂರವಾಗಿವೆ. ಆದರೆ 1929ರ ನವೆಂಬರಿನ ಪುಟಗಳಲ್ಲಿ ಒಂದು ಸಂಗತಿ ಬರುತ್ತದೆ. ನೆಲ್ಲಿ ತನ್ನ ಯಜಮಾನಿಯನ್ನು ತನ್ನ ಕೋಣೆಯಿಂದ ಹೊರಗೆ ಹೋಗಲು ಹೇಳಿದರು.

ಹೆಣ್ಣಿಗೆ ತನ್ನದೇ ಕೋಣೆ ಬೇಕು ಎಂಬ ಪುಸ್ತಕ ಅಂಗಡಿಗೆ ಬಂದು ಆಗಷ್ಟೇ ಕೆಲವು ವಾರಗಳಾಗಿದ್ದವು. ಅದೇ ಮನೆಯಲ್ಲಿ ಅಡುಗೆಯಾಕೆ ತನ್ನ ಕೋಣೆಯ ಬಾಗಿಲಲ್ಲಿ ನಿಂತು ತನ್ನ ಹಕ್ಕನ್ನು ಹೇಳಿದರು. ಯಜಮಾನಿಗೆ ಅದು ಅವಮಾನವಾಗಿ ಕಂಡಿತು. ಪುಸ್ತಕದ ತರ್ಕ ತನ್ನ ಮನೆಯ ಮಹಡಿಯಲ್ಲೇ ನಡೆಯುತ್ತಿರುವುದು ಆ ಸಿಟ್ಟಿನಲ್ಲಿ ಅವರಿಗೆ ಕಾಣಲಿಲ್ಲ. ಈ ಘಟನೆ ನಮಗೆ ಗೊತ್ತಾದದ್ದು ಹೇಗೆ? ನೆಲ್ಲಿಯ ದಿನಚರಿ ಯಾವುದೂ ನಮ್ಮ ಕೈಯಲ್ಲಿಲ್ಲ. ಆಕೆಯನ್ನು ಸಹಿಸಲಾರದೆ ಯಜಮಾನಿ ಬರೆದ ಸಾಲುಗಳಲ್ಲೇ ಆಕೆ ಉಳಿದಿದ್ದಾರೆ. ಮುದುಕಿಯ ಏಪ್ರಿಲ್ 5 ಯಾರಿಗೂ ಗೊತ್ತಿಲ್ಲ, ನೆಲ್ಲಿಯ ನವೆಂಬರ್ ನಮಗೆ ಗೊತ್ತಿದೆ. ಸುಡಬೇಕಾಗಿದ್ದ ಕಾಗದದಲ್ಲಿ ಇದ್ದದ್ದು ವರ್ಜೀನಿಯಾ ವೂಲ್ಫ್ ಒಬ್ಬರದೇ ಬದುಕಲ್ಲ.

ಮೂರನೆಯದು ಎಲ್ಲಕ್ಕಿಂತ ಕಠಿಣ. 1915ರ ಜನವರಿ 9ರ ದಿನಚರಿಯಲ್ಲಿ, ನದಿಯ ದಂಡೆಯಲ್ಲಿ ನಡೆಯುವಾಗ ಸಾಲಾಗಿ ಹೋಗುತ್ತಿದ್ದ ಬುದ್ಧಿಮಾಂದ್ಯರನ್ನು ಕಂಡದ್ದನ್ನು ಬರೆದು, ಇಂಥವರನ್ನು ಕೊಲ್ಲಬೇಕು ಎಂಬ ಅರ್ಥದ ಮಾತನ್ನು ವೂಲ್ಫ್ ಸೇರಿಸಿದ್ದಾರೆ. ಓದಿದಾಗ ಪುಸ್ತಕ ಮುಚ್ಚಿಡುವ ಹಾಗಾಗುತ್ತದೆ. ಅವರ ತಂದೆಯ ಮೊದಲ ಮದುವೆಯ ಮಗಳು ಲಾರಾ ಅಂತಹದೇ ಆಶ್ರಯಾಲಯದಲ್ಲಿ ಬದುಕುತ್ತಿದ್ದರು. ಈ ಸಾಲು ಬರೆದ ಕೆಲವೇ ವಾರಗಳಲ್ಲಿ ವೂಲ್ಫ್ ಸ್ವತಃ ತೀವ್ರ ಮನೋವ್ಯಾಧಿಯಿಂದ ಮಲಗಿದರು. ಹತ್ತು ವರ್ಷಗಳ ಬಳಿಕ ಸೆಪ್ಟಿಮಸ್‌ನ ನೋವನ್ನು ಅಷ್ಟು ಒಳಗಿನಿಂದ ಬರೆದದ್ದು ಇದೇ ಕೈ.

ಅಂದಿನ ಇಂಗ್ಲೆಂಡಿನ ವಿದ್ಯಾವಂತರಲ್ಲಿ ಇಂತಹ ಯೋಚನೆ ಅಪರೂಪವಾಗಿರಲಿಲ್ಲ. 1939ರಲ್ಲಿ ನಾಜಿ ಜರ್ಮನಿ ಅಂಗವಿಕಲರನ್ನೂ ಮನೋರೋಗಿಗಳನ್ನೂ ನಿಜವಾಗಿಯೇ ಕೊಲ್ಲತೊಡಗಿತು. ಸಭ್ಯ ಮನೆಯ ದಿನಚರಿಯಲ್ಲಿ ಒಂದು ಸಾಲಾಗಿ ಮಲಗಿದ್ದ ವಿಚಾರ ಬೇರೊಂದು ದೇಶದಲ್ಲಿ ಸರಕಾರದ ಕಡತವಾಯಿತು. ವೂಲ್ಫ್ ಅದಕ್ಕೆ ಹೊಣೆಯಲ್ಲ, ನಾಜಿಗಳನ್ನು ಅವರು ದ್ವೇಷಿಸುತ್ತಿದ್ದರು, ಅವರ ಪತಿ ಯಹೂದಿ. ಆದರೂ ದೊಡ್ಡ ಕ್ರೌರ್ಯಕ್ಕೆ ನೆಲ ಎಲ್ಲಿ ಹದವಾಗುತ್ತದೆ ಎಂಬುದನ್ನು ಆ ಸಾಲು ತೋರಿಸುತ್ತದೆ. ಅದನ್ನು ಅಳಿಸಿದ್ದರೆ ಒಬ್ಬ ಲೇಖಕಿಯ ಮಾನ ಉಳಿಯುತ್ತಿತ್ತು. ಒಳ್ಳೆಯವರ ಮನೆಯಲ್ಲಿ ಇಂತಹ ಮಾತು ಹುಟ್ಟುವುದಿಲ್ಲ ಎಂಬ ನಮ್ಮ ಭ್ರಮೆಯೂ ಉಳಿಯುತ್ತಿತ್ತು.

ಇಲ್ಲಿ ವೂಲ್ಫ್ ಅವರ ಮನೆತನದ್ದೇ ಒಂದು ಸಂಗತಿ ನೆರವಿಗೆ ಬರುತ್ತದೆ. ಅವರ ದೊಡ್ಡಪ್ಪ ಜೇಮ್ಸ್ ಫಿಟ್ಸ್‌ಜೇಮ್ಸ್ ಸ್ಟೀಫನ್ ವೈಸರಾಯ್ ಮಂಡಳಿಯ ಕಾನೂನು ಸದಸ್ಯರಾಗಿ ಇಂಡಿಯಾಕ್ಕೆ ಬಂದಿದ್ದವರು. 1872ರ ಭಾರತೀಯ ಸಾಕ್ಷ್ಯ ಕಾಯ್ದೆಯನ್ನು ರಚಿಸಿದವರು ಅವರೇ. 2024ರ ಜುಲೈ 1ರಂದು ಹೊಸ ಕಾನೂನು ಜಾರಿಗೆ ಬರುವವರೆಗೆ ನಮ್ಮ ಜಿಲ್ಲಾ ಕೋರ್ಟುಗಳಲ್ಲಿಯೂ ಸಾಕ್ಷಿಗಳನ್ನು ಅಳೆದದ್ದು ಆ ಕಾಯ್ದೆಯಿಂದಲೇ. ಅದರ 122ನೇ ಕಲಮು, ಗಂಡ ಹೆಂಡಿರು ಒಬ್ಬರಿಗೊಬ್ಬರು ಹೇಳಿಕೊಂಡ ಮಾತನ್ನು ನ್ಯಾಯಾಲಯದಲ್ಲಿ ಬಾಯಿ ಬಿಡಿಸಬಾರದು ಎಂದು ರಕ್ಷಣೆ ಕೊಟ್ಟಿತ್ತು. ಅದೇ ಕಲಮು ಒಂದು ಮಿತಿಯನ್ನೂ ಹಾಕಿತ್ತು. ಅವರಿಬ್ಬರ ನಡುವೆಯೇ ವ್ಯಾಜ್ಯವಾದಾಗ, ಅಥವಾ ಒಬ್ಬರು ಇನ್ನೊಬ್ಬರ ಮೇಲೆ ಅಪರಾಧವೆಸಗಿದ ಮೊಕದ್ದಮೆಯಲ್ಲಿ ಆ ರಕ್ಷಣೆ ನಿಲ್ಲುವುದಿಲ್ಲ.

ಈ ಕಲಮಿನ ಹಿಂದಿರುವ ನೀತಿ ನಮಗೆ ಒಪ್ಪಿಗೆಯಾಗುತ್ತದೆ. ಮನೆಯೊಳಗಿನ ಮಾತಿಗೆ ಮರೆ ಬೇಕು. ಆದರೆ ಒಬ್ಬರ ಮರೆ ಇನ್ನೊಬ್ಬರ ನೋವನ್ನು ಮುಚ್ಚಿಡುವ ಗೋಡೆಯಾದಾಗ ಅದರ ಹಕ್ಕು ಕಡಿಮೆಯಾಗುತ್ತದೆ. ಹೊಲ ಒಡವೆಗಳಂತೆ ಕಾಗದ ಒಬ್ಬರ ಸೊತ್ತಲ್ಲ. ಪತ್ರದಲ್ಲಿ ಪಡೆದವರಿಗೂ ಪಾಲಿದೆ. ಅಕ್ಕ ವನೆಸ್ಸಾ, ಗೆಳತಿ ವೀಟಾ ಸ್ಯಾಕ್‌ವಿಲ್-ವೆಸ್ಟ್ ಮೊದಲಾದವರ ಮನೆಗಳಲ್ಲಿದ್ದ ಪತ್ರಗಳನ್ನು ಲೆನಾರ್ಡ್ ಬಯಸಿದ್ದರೂ ಸುಡುವಂತಿರಲಿಲ್ಲ. ದಿನಚರಿಯಲ್ಲಿ ಅದು ಹೆಸರಿಸುವವರಿಗೂ ಪಾಲಿದೆ. ಸುಡಬೇಡಿ ಎಂದು ಹೇಳಲು ಅವಕಾಶವಿಲ್ಲದ ನೆಲ್ಲಿಗೆ, ನದಿಯ ದಂಡೆಯಲ್ಲಿ ನಡೆದುಹೋದ ಆ ಹೆಸರಿಲ್ಲದವರಿಗೆ, ಹಾಗೂ ಮಾತು ಬಾರದ ವಯಸ್ಸಿನಲ್ಲಿ ನೊಂದ ಆ ಹುಡುಗಿಗೆ. ಲೆನಾರ್ಡ್ ಹೆಂಡತಿಯ ಮಾತನ್ನು ಮುರಿದದ್ದು ನಿಜ. ಇಷ್ಟು ಜನರ ಪರವಾಗಿ ಮುರಿದರು ಎಂದು ನಾವು ಅದನ್ನು ಒಪ್ಪುತ್ತೇವೆ. ಅವರು ಇಷ್ಟನ್ನೆಲ್ಲ ಯೋಚಿಸಿ ಮಾಡಿದರೆಂದು ನಾವು ಹೇಳುತ್ತಿಲ್ಲ. ಅವರ ಕೆಲಸದ ಫಲ ಅದಾಯಿತು.

ಈ ಒಪ್ಪಿಗೆ ಬೇಲಿಯಿಲ್ಲದ ಹೊಲವಾಗಬಾರದು. ಇಲ್ಲವಾದರೆ ಸತ್ತವರ ಖಾನೆ ತಡಕುವ ಎಲ್ಲ ಚಪಲಕ್ಕೂ ನಾವು ಅನುಮತಿ ಕೊಟ್ಟಂತಾಗುತ್ತದೆ. ಓದುಗರಾಗಿ ಮೂರು ಕಟ್ಟುಗಳನ್ನು ನಮಗೆ ನಾವೇ ಹಾಕಿಕೊಳ್ಳಬೇಕಾಗಿದೆ.

ಒಂದು, ಕಾಯುವುದು. ಸುಡುವುದಕ್ಕೂ ಬೀದಿಗೆ ಚೆಲ್ಲುವುದಕ್ಕೂ ನಡುವೆ ಕಾಪಿಡುವುದು ಎಂಬ ದಾರಿಯಿದೆ. 1953ರ ಆಯ್ಕೆಯಲ್ಲಿ ಲೆನಾರ್ಡ್ ಬದುಕಿರುವವರನ್ನು ನೋಯಿಸುವ ಮಾತುಗಳನ್ನು ಬಿಟ್ಟರು, ಬಿಟ್ಟಿದ್ದೇನೆಂದು ಮುನ್ನುಡಿಯಲ್ಲಿ ಹೇಳಿದರು. ಉಳಿದದ್ದು ಇನ್ನೂ ಎರಡು ದಶಕಗಳಿಗೂ ಹೆಚ್ಚು ಕಾಲ ಕಾಯಿತು. ಸತ್ಯಕ್ಕೆ ಅಷ್ಟು ತಾಳ್ಮೆ ಇರಬಲ್ಲದು.

ಎರಡು, ತೂಕ ತಪ್ಪದಿರುವುದು. ದಿನಚರಿ ಬರೆಯುವವರು ಸಾಮಾನ್ಯವಾಗಿ ಒಂದೇ ಬಗೆಯ ಮನಸ್ಥಿತಿಯಲ್ಲಿ, ಸಿಟ್ಟು ದುಃಖಗಳಲ್ಲಿ, ಅದನ್ನು ತೆರೆಯುತ್ತಾರೆ, ಆದ್ದರಿಂದ ಅದು ತೋರಿಸುವ ಚಿತ್ರ ಏಕಮುಖವಾದದ್ದು ಎಂದು ಲೆನಾರ್ಡ್ ಎಚ್ಚರಿಸಿದ್ದರು. ವರ್ಷಗಟ್ಟಲೆ ತಿದ್ದಿ ಹೊರಗೆ ತಂದ ಕಾದಂಬರಿಯನ್ನೂ ಮುನಿಸಿನ ಸಂಜೆ ಗೀಚಿದ ಸಾಲನ್ನೂ ಒಂದೇ ತಕ್ಕಡಿಯಲ್ಲಿ ಹಾಕುವುದು ನ್ಯಾಯವಲ್ಲ. ಗೀಚಿದ ಸಾಲನ್ನು ಕಂಡೂ ಕಾಣದಂತೆ ಇರುವುದೂ ನ್ಯಾಯವಲ್ಲ. ಅಭಿಮಾನಿಗಳು ಎರಡನೆಯ ತಪ್ಪು ಮಾಡುತ್ತಾರೆ, ಸಾಹಿತಿಯನ್ನು ಕೆಡವಲು ಹೊರಟವರು ಮೊದಲನೆಯದನ್ನು.

ಮೂರು, ಪಕ್ಕದ ಕುರ್ಚಿಯನ್ನು ಖಾಲಿ ಬಿಡದಿರುವುದು. ಯಜಮಾನಿಯ ದಿನಚರಿ ಓದಿದವರು ಮನೆಗೆಲಸದವರ ಮಾತನ್ನೂ ಹುಡುಕಿ ಓದಬೇಕು. 1934ರಿಂದ ರಾಡ್ಮೆಲ್‌ನ ಮನೆಯಲ್ಲಿ ದುಡಿದ ಲೂಯಿ ಮೇಯರ್ ಅವರ ನೆನಪುಗಳು 1972ರಲ್ಲಿ ಪ್ರಕಟವಾದ ಒಂದು ಸಂಕಲನದಲ್ಲಿವೆ. ಬಚ್ಚಲಲ್ಲಿ ಯಜಮಾನಿ ತನ್ನಷ್ಟಕ್ಕೆ ಗಟ್ಟಿಯಾಗಿ ಮಾತನಾಡುತ್ತಿದ್ದರು, ಬರೆದ ವಾಕ್ಯಗಳನ್ನು ಕಿವಿಗೆ ಕೇಳಿಸಿಕೊಂಡು ನೋಡುತ್ತಿದ್ದರು ಎಂದು ಆಕೆ ನೆನಪಿಸಿಕೊಂಡಿದ್ದಾರೆ. ಅಡುಗೆಮನೆಯಲ್ಲಿ ನಿಂತ ಲೂಯಿ ಕೇಳಿಸಿಕೊಂಡ ವೂಲ್ಫ್ ಆ ಹನ್ನೊಂದು ಸಂಪುಟಗಳಲ್ಲಿ ಇಲ್ಲ. ಬ್ರಿಟಿಷ್ ಲೇಖಕಿ ಆಲಿಸನ್ ಲೈಟ್ 2007ರಲ್ಲಿ ಆ ಮನೆಯ ಕೆಲಸದವರ ಬಗ್ಗೆಯೇ ಒಂದು ಪುಸ್ತಕ ಬರೆದರು. ವೂಲ್ಫ್ ಅವರ ಸಮಗ್ರ ಸಾಹಿತ್ಯ ಎಂದು ಕಪಾಟಿನಲ್ಲಿ ಜೋಡಿಸುವಾಗ, ವೂಲ್ಫ್ ಬರೆಯದ ಆ ಪುಸ್ತಕವನ್ನೂ ಅದೇ ಸಾಲಿನಲ್ಲಿ ಇಡಬೇಕು.

ನಮ್ಮಲ್ಲಿ ಹೆಚ್ಚಿನವರು ದಿನಚರಿ ಬರೆಯುವವರಲ್ಲ. ಆದರೂ ಇಂದು ಯಾರು ತೀರಿಕೊಂಡರೂ ಒಂದು ಮೊಬೈಲು ಉಳಿಯುತ್ತದೆ. ಅದರಲ್ಲಿ ಪತ್ರಗಳಿವೆ, ಜಗಳಗಳಿವೆ, ಕೆಲಸದವರ ಬಗ್ಗೆ, ನೆರೆಯವರ ಬಗ್ಗೆ, ಬೇರೆ ಮತದವರ ಬಗ್ಗೆ ಯಾರೂ ನೋಡಲಾರರೆಂದು ಬರೆದ ಸಾಲುಗಳಿವೆ. ಮಕ್ಕಳು ಅದನ್ನು ತೆರೆಯಬೇಕೋ ಬೇಡವೋ ಎಂದು ಲೆನಾರ್ಡ್ ಅವರಂತೆ ಒಂದು ದಿನ ಯೋಚಿಸುತ್ತಾ ಕುಳಿತಿರುತ್ತಾರೆ. ತೆರೆದರೆ ಅದರಲ್ಲಿ ನಾವು ಮಾತ್ರ ಸಿಗುವುದಿಲ್ಲ. ನಮ್ಮ ಮನೆಯಲ್ಲಿ ಪಾತ್ರೆ ತೊಳೆದು ಹೋದವರು, ಒಂದು ದಿನ ಬಾಗಿಲಲ್ಲಿ ನಿಂತು ಸಾಕು ಎಂದವರು, ಅವರಿಗೆ ನಾವು ಅಂದು ಕೊಟ್ಟ ಉತ್ತರ, ಎಲ್ಲವೂ ಅಲ್ಲಿರುತ್ತದೆ.